ಕೂತರೆ ಅದುರುವ ಮನೆ

ನಮ್ಮ ಊರಿನಲ್ಲಿ ಯಾರಿಗಾದರೂ ಕೈ ನಡುಗಿದರೆ ಅವರ ಮನೆ ಅದುರುತ್ತದೆ. ಹೀಗಾಗಿ ನರದ ಕಾಯಿಲೆಗೆ ಡಾಕ್ಟರನ್ನು ಕರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಗಾರೆ ಮೇಸ್ತ್ರಿಯನ್ನು ಕರೆಯುತ್ತಿದ್ದರು. ಆ ಮೇಸ್ತ್ರಿ ನಾನೇ, ಓಬಳೇಶ. ಮೂವತ್ತು ವರ್ಷ ಈ ಊರಿನವರ ತಲೆ, ಕೈ, ಕಾಲುಗಳನ್ನೆಲ್ಲ ಗಾರೆ ಬಳಿಯುವ ಕರಣೆ ಹಿಡಿದು ನೋಡಿಕೊಂಡವನು. ನನ್ನ ಕೈಯಲ್ಲಿ ಒಬ್ಬರೂ ಗುಣವಾಗಲಿಲ್ಲ, ಆದರೆ ಒಂದು ಗೋಡೆಯೂ ಬೀಳಲಿಲ್ಲ. ಊರಿನವರಿಗೆ ಅಷ್ಟು ಸಾಕಾಗಿತ್ತು. ನನಗೂ ಸಾಕಾಗಿತ್ತು.

ಅದುರುವುದೊಂದೇ ಅಲ್ಲ. ಎಣ್ಣೆಗಾಣದವರ ಮನೆಯ ಸೊಸೆಗೆ ಮೂರ್ಛೆ ಬಂದರೆ ಆ ಮನೆಯ ಬಾಗಿಲುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಆಗ ಓಣಿಯ ಗಂಡಸರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ, ಒಂದೊಂದು ಬಾಗಿಲಿಗೆ ಇಬ್ಬರಂತೆ ನಿಂತು ಒತ್ತಿ ಹಿಡಿಯುತ್ತಿದ್ದರು. ಎರಡು ಮೂರು ನಿಮಿಷಕ್ಕೆ ಬಾಗಿಲು ತಣ್ಣಗಾದರೆ, ತಾವೇ ನಿಲ್ಲಿಸಿದೆವು ಎಂದು ಬೆವರು ಒರೆಸಿಕೊಂಡು, ಆ ಮನೆಯ ಚಹಾವನ್ನೇ ಕುಡಿದು ಬರುತ್ತಿದ್ದರು. ಸೊಸೆ ಅಷ್ಟು ಹೊತ್ತೂ ಅಡಿಗೆಮನೆಯ ನೆಲದ ಮೇಲೆ ಅಂಗಾತ ಬಿದ್ದಿರುತ್ತಿದ್ದಳು. ಅವಳನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತೊಂದರೆ ಆಗಿರುವುದು ಬಾಗಿಲಿಗೆ, ಸೊಸೆಯನ್ನು ಯಾಕೆ ಮುಟ್ಟಬೇಕು? ಇನ್ನು ರೇಷನ್ ಅಂಗಡಿಯವರ ತಂಗಿಗೆ ಅರೆತಲೆನೋವು. ಅದು ಶುರುವಾಗುವ ಮೊದಲು ಅವರ ಮನೆಯ ಕಿಟಕಿ ಗಾಜಿನಲ್ಲಿ ಅಂಕುಡೊಂಕಾದ ಬೆಳಕು ಓಡಾಡುತ್ತಿತ್ತು. ನಾನು ಹೋಗಿ ಗಾಜಿಗೆಲ್ಲ ತಾರು ಬಳಿದೆ. ಬೆಳಕು ಕಾಣಿಸುವುದು ನಿಂತಿತು. ತಲೆನೋವು ನಿಂತಿತೇ ಎಂದು ಕೇಳುವುದು ಮೇಸ್ತ್ರಿಯ ಕೆಲಸವಲ್ಲ.

ಮನೆ ನೋಡುವುದಕ್ಕೆ ನನ್ನದೇ ಒಂದು ಕ್ರಮವಿತ್ತು. ಹಿತ್ತಾಳೆ ಲೋಟಕ್ಕೆ ತುಳುಕುವಷ್ಟು ನೀರು ತುಂಬಿ ನಡುಮನೆಯಲ್ಲಿ ಇಡುವುದು. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನೀರಿನ ಮೇಲೆ ಏಳುವ ಉಂಗುರಗಳನ್ನು ನೋಡುವುದು. ಯಾವ ಗೋಡೆ, ಯಾವ ಹೊತ್ತು, ಆಗ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳುವುದು. ಕಾಯಿಲೆಯವರು ಮಾರು ದೂರದಲ್ಲೇ ಇರುತ್ತಿದ್ದರು, ಅವರ ಕಡೆ ಮಾತ್ರ ಕಣ್ಣು ಹಾಯಿಸುತ್ತಿರಲಿಲ್ಲ. ಒಬ್ಬರ ಕೈಯನ್ನು ದಿಟ್ಟಿಸಿ ನೋಡುವುದು ನಮ್ಮೂರಿನಲ್ಲಿ ಮರ್ಯಾದೆಯಲ್ಲ. ಗೋಡೆಯನ್ನು ಎಷ್ಟು ಬೇಕಾದರೂ ನೋಡಬಹುದು.

ನನ್ನ ಹೆಸರು ಮೇಲೆ ಬಂದದ್ದು ಪುರಸಭೆ ಅಧ್ಯಕ್ಷ ಗುರುಮೂರ್ತಪ್ಪನವರ ಮನೆಯಿಂದ. ಅವರು ಕಾಫಿ ಲೋಟ ಎತ್ತಿದರೆ ಆ ಮನೆ ಅದುರುತ್ತಿತ್ತು, ಸಹಿ ಹಾಕಲು ಪೆನ್ನು ಹಿಡಿದರೆ ಅದುರುತ್ತಿತ್ತು. ಕೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತರೆ ಒಂದು ಹೆಂಚೂ ಅಲುಗುತ್ತಿರಲಿಲ್ಲ. ನಾನು ಲೋಟದ ನೀರು ನೋಡಿ ತೀರ್ಪು ಕೊಟ್ಟೆ. "ಯಜಮಾನ್ರೇ, ಈ ಮನಿಗೆ ಕೆಲಸ ಆಗಿಬರಲ್ಲ. ನೀವು ಏನೂ ಮಾಡಬ್ಯಾಡ್ರಿ." ಅಷ್ಟು ಸುಲಭದ ಪಥ್ಯವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಅವತ್ತಿನಿಂದ ಏನೂ ಮಾಡಲಿಲ್ಲ. ಗುಮಾಸ್ತನೇ ಅವರ ಹೆಬ್ಬೆಟ್ಟು ಹಿಡಿದು ಕಾಗದಗಳ ಮೇಲೆ ಒತ್ತಿಕೊಳ್ಳುತ್ತಿದ್ದ, ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಮನೆ ಗಟ್ಟಿಯಾಗಿ ನಿಂತಿತು. ಪುರಸಭೆಯ ಕೆಲಸದಲ್ಲಿ ಏನಾದರೂ ವ್ಯತ್ಯಾಸವಾಯಿತೇ ಎಂದರೆ, ಯಾರ ಕಣ್ಣಿಗೂ ಬೀಳಲಿಲ್ಲ.

ಇಷ್ಟು ಜಾಣನಾದ ನನ್ನ ಮನೆಯೇ ಅದುರತೊಡಗಿದ್ದು ನಾಲ್ಕು ವರ್ಷದ ಹಿಂದೆ. ಹಾಲಮ್ಮ ನನ್ನ ಹೆಂಡತಿ. ಊರಿನ ಅರ್ಧ ಹೆಂಗಸರು ತೊಡುವುದು ಅವಳು ಹೊಲಿದ ರವಿಕೆ. ಒಂದು ಮಧ್ಯಾಹ್ನ ಊಟವಾಗಿ ಅವಳು ಗೋಡೆಗೆ ಒರಗಿ ಕೂತಿದ್ದಳು, ಅಟ್ಟದ ಮೇಲಿನ ಪಾತ್ರೆಯೊಂದರ ಮುಚ್ಚಳ ಟಿಣಿಟಿಣಿ ಎಂದಿತು. ಅವಳು ಎದ್ದು ಹೊಲಿಗೆಗೆ ಕೈ ಹಚ್ಚಿದಳು, ಮುಚ್ಚಳ ನಿಂತಿತು. ಮತ್ತೆ ಕೂತಳು, ಮತ್ತೆ ಟಿಣಿಟಿಣಿ. ನಾನು ಲೋಟ ಇಟ್ಟು ಮೂರು ದಿನ ನೋಡಿದೆ. ಅವಳ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಹತ್ತಿಯ ಬತ್ತಿ ಹೊಸೆಯುವ ಹಾಗೆ ತನ್ನಷ್ಟಕ್ಕೆ ಉರುಳುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿತ್ತು, ಆದರೆ ನಾನು ತಕ್ಷಣ ಗೋಡೆಯ ಕಡೆ ತಿರುಗಿದೆ. ಮೇಸ್ತ್ರಿಯ ಮನೆಯೇ ಅದುರುತ್ತದೆ ಎಂದು ಗೊತ್ತಾದರೆ ಮುಂದೆ ನನ್ನ ಕೈಯಲ್ಲಿ ಯಾರು ಗೋಡೆ ಮುಟ್ಟಿಸುತ್ತಾರೆ?

ತೀರ್ಪು ಸ್ಪಷ್ಟವಾಗಿತ್ತು. ಅಧ್ಯಕ್ಷರ ಮನೆಗೆ ಕೆಲಸ ಆಗಿಬರುವುದಿಲ್ಲ, ನಮ್ಮ ಮನೆಗೆ ಸುಮ್ಮನೆ ಕೂರುವುದು ಆಗಿಬರುವುದಿಲ್ಲ. ಅವರಿಗೆ ವಿಶ್ರಾಂತಿ ಕೊಟ್ಟ ಬಾಯಲ್ಲೇ ನಾನು ಹಾಲಮ್ಮನಿಗೆ ಕೆಲಸ ಕೊಟ್ಟೆ. ಅವಳು ಕೂರುವುದು ಕಂಡರೆ ಸಾಕು, ಮೊರದ ತುಂಬ ಅವರೆಕಾಯಿ ತಂದು ಮುಂದಿಡುತ್ತಿದ್ದೆ. ಅವರೆಕಾಯಿ ಮುಗಿದರೆ ಅಕ್ಕಿಯ ಕಲ್ಲು, ಕಲ್ಲು ಮುಗಿದರೆ ಹುಣಿಸೆಹಣ್ಣಿನ ಬೀಜ. ಬೀಜವೂ ಮುಗಿದ ದಿನ, ಆರಿಸಿಟ್ಟ ಕಲ್ಲನ್ನು ನಾನೇ ಅಕ್ಕಿಗೆ ಬೆರೆಸಿ ಕೊಟ್ಟದ್ದುಂಟು. ಮನೆ ಅಲುಗಲಿಲ್ಲ. ಮುಚ್ಚಳಗಳಿಗೆ ದಾರ ಕಟ್ಟಿದೆ, ಫೋಟೋಗಳಿಗೆ ನಾಲ್ಕು ಮೂಲೆಗೂ ಮೊಳೆ ಹೊಡೆದೆ. ನಿದ್ದೆ ಹತ್ತಿದ ಮೇಲೆ ಅವಳ ಕೈ ನಿಲ್ಲುತ್ತಿತ್ತು, ಮನೆಯೂ ನಿಲ್ಲುತ್ತಿತ್ತು. ಹಾಗಾಗಿ ಮಲಗಲು ಮಾತ್ರ ನನ್ನ ಅಡ್ಡಿಯಿರಲಿಲ್ಲ.

"ಒಂದು ಚೂರು ಕೂತ್ಕಂತೀನಿ, ಸೊಂಟ ಹಿಡಕಂಡೈತೆ," ಎಂದು ಅವಳು ಮೊದಮೊದಲು ಕೇಳುತ್ತಿದ್ದಳು.

"ಕೂತ್ರೆ ಹೆಚ್ಚಾಗ್ತೈತೆ. ಒಳ್ಳೇದಕ್ಕೇ ಹೇಳ್ತೀನಿ," ಎನ್ನುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಪಥ್ಯ ಹಿಡಿಯಿತು ಎಂದುಕೊಂಡೆ.

ಊರಿನವರಂತೂ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಹೊಲಿಗೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ ಹೋಯಿತು. ಗುಂಡಿಗೆ ಒಂದು ಕಾಜಾ ಹಾಕಲು ಹತ್ತು ನಿಮಿಷ ಹಿಡಿಯುತ್ತಿದ್ದುದು ಅರ್ಧ ಗಂಟೆ ಹಿಡಿಯತೊಡಗಿತು. ಎಂಥ ನಾಜೂಕು ಕೆಲಸ ಎಂದು ಹೆಂಗಸರು ರವಿಕೆಯನ್ನು ಬಿಸಿಲಿಗೆ ಹಿಡಿದು ಮೆಚ್ಚಿದರು. ಅವಳ ಮುಖದ ಮೇಲಿನ ನಗು ಎಲ್ಲೋ ಹೋಗಿ, ಯಾವ ಸುದ್ದಿ ಹೇಳಿದರೂ ಮುಖ ಒಂದೇ ಥರ ಇರುತ್ತಿತ್ತು. ಹಾಲಮ್ಮ ಈಗೀಗ ಗಂಭೀರ ಆಗ್ಯಾಳೆ ಎಂದರು. ದನಿ ಇಳಿಯಿತು, ಗಂಡನ ಮುಂದೆ ಎಷ್ಟು ತಗ್ಗಿ ಮಾತಾಡ್ತಾಳೆ ನೋಡು ಎಂದು ಮನೆಮನೆಯಲ್ಲಿ ಸೊಸೆಯಂದಿರಿಗೆ ಪಾಠವಾಯಿತು. ಒಂದು ದಿನ ಸಾರು ತಳ ಹಿಡಿದು ಮೂರು ಮನೆಯಾಚೆ ವಾಸನೆ ಹೋದರೂ ಒಲೆಯ ಮುಂದೆಯೇ ನಿಂತಿದ್ದ ಅವಳಿಗೆ ಗೊತ್ತಾಗಲಿಲ್ಲ. ಅದೊಂದನ್ನು ಯಾರೂ ಹೊಗಳಲಿಲ್ಲ, ನಾನು ಬೈದೆ.

ಹೀಗಿರುವಾಗ ಹಳೆಯ ತಂಬಾಕಿನ ಗೋದಾಮಿನಲ್ಲಿ ಡಾಕ್ಟರ್ ಫರ್ಜಾನಾ ಎಂಬ ನರರೋಗದ ವೈದ್ಯರು ಬಂದು ದವಾಖಾನೆ ತೆರೆದರು. ಹೊರ ಊರಿನವರು, ಇನ್ನೂ ನಲವತ್ತಾಗದ ಹೆಂಗಸು. ಅವರ ಹತ್ತಿರ ಒಂದು ರಬ್ಬರಿನ ಸುತ್ತಿಗೆ ಇದೆಯಂತೆ, ಅದರಲ್ಲಿ ಮೊಣಕಾಲಿಗೆ ತಟ್ಟುತ್ತಾರಂತೆ ಎಂದು ಸುದ್ದಿಯಾಯಿತು. ನಮ್ಮ ಮೇಸ್ತ್ರಿ ಸುತ್ತಿಗೆ ಇದಕ್ಕಿಂತ ದೊಡ್ಡದು ಎಂದು ಜನ ಹೆಮ್ಮೆಪಟ್ಟರು. ಹೋದವರನ್ನು ನಡೆಸುತ್ತಾರೆ, ಬೆರಳಿಗೆ ಬೆರಳು ಬಡಿಸುತ್ತಾರೆ, ಹಾಳೆಯ ಮೇಲೆ ಚಕ್ಕುಲಿ ಸುತ್ತು ಬರೆಸುತ್ತಾರೆ, ಮನೆಯ ಸುದ್ದಿಯನ್ನೇ ಎತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಮನೆ ನೋಡದೆ ಮನುಷ್ಯರನ್ನು ನೋಡುವ ಡಾಕ್ಟರನ್ನು ನಂಬುವುದು ಹೇಗೆ?

ಗೋದಾಮಿನ ಗೋಡೆಗೆ ಗಾರೆ ಮಾಡಲು ಅವರು ನನ್ನನ್ನೇ ಕರೆಸಿದರು. ಎರಡನೆಯ ದಿನ ಹಾಲಮ್ಮ ನನಗೆ ಬುತ್ತಿ ತಂದಳು. ಡಾಕ್ಟರು ಕಿಟಕಿಯ ಪಕ್ಕ ಓದುತ್ತಿದ್ದರು, ಪುಸ್ತಕ ಮುಚ್ಚಿ ಅವಳು ಬರುವುದನ್ನೇ ನೋಡತೊಡಗಿದರು. ಅವಳ ಎಡಗೈ ನಡಿಗೆಗೆ ತಕ್ಕಂತೆ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಿತ್ತು. ಬುತ್ತಿ ಇಟ್ಟು ಹಿಂದಕ್ಕೆ ತಿರುಗಲು ಅವಳು ಏಳೆಂಟು ಪುಟ್ಟ ಹೆಜ್ಜೆ ಇಡಬೇಕಾಯಿತು. ಅವಳು ಹೋದ ಮೇಲೆ ಡಾಕ್ಟರು ನನ್ನ ಹತ್ತಿರ ಬಂದರು.

"ಮೇಸ್ತ್ರಿ, ನಿಮ್ಮ ಮನೆಯವರಿಗೆ ಇದು ಎಷ್ಟು ದಿನದಿಂದ ಇದೆ?"

"ಯಾವುದು?" ಎಂದೆ. ನನ್ನ ಕರಣೆ ಗೋಡೆಯ ಮೇಲೆಯೇ ಇತ್ತು.

"ನಿಮ್ಮ ಮನೆ ಯಾವಾಗ ಅದುರುತ್ತೆ?"

ಆ ಪ್ರಶ್ನೆಗೆ ಸೋತೆ. ಮನೆಯ ವಿಷಯ ಕೇಳಿದರೆ ಬಾಯಿ ಕಟ್ಟಿಕೊಳ್ಳುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. ನಾಲ್ಕು ವರ್ಷ ಯಾರಿಗೂ ಹೇಳದಿದ್ದುದನ್ನು, ಕೂತರೆ ಅದುರುವುದು, ಕೆಲಸ ಮಾಡಿದರೆ ನಿಲ್ಲುವುದು, ಮಲಗಿದರೆ ನಿಲ್ಲುವುದು, ಮೊದಲು ಬಲಗೋಡೆ, ಆಮೇಲೆ ಎಡಗೋಡೆ, ಎಲ್ಲವನ್ನೂ ಒಪ್ಪಿಸಿದೆ. ನನ್ನ ಪಥ್ಯವನ್ನೂ ಹೇಳಿದೆ, ಸ್ವಲ್ಪ ಜಂಬದಿಂದಲೇ ಹೇಳಿದೆ.

ಡಾಕ್ಟರು ಪುಸ್ತಕವನ್ನು ಕಿಟಕಿಯ ಮೇಲಿಟ್ಟರು. "ಇಷ್ಟು ಚೆನ್ನಾಗಿ ಯಾವ ಡಾಕ್ಟರೂ ಬರೆದುಕೊಂಡಿರಲ್ಲ," ಎಂದರು. "ನೀವು ಕಾಯಿಲೆ ಸರಿಯಾಗಿ ಕಂಡುಹಿಡಿದಿದ್ದೀರಿ. ಹಿಡಿದುಬಿಟ್ಟು, ಔಷಧಿ ಮಾತ್ರ ಮನೆಗೆ ಕೊಟ್ಟಿದ್ದೀರಿ. ಇದಕ್ಕೆ ಪಾರ್ಕಿನ್ಸನ್ ಅಂತಾರೆ. ಪೂರ್ತಿ ಹೋಗೋ ಕಾಯಿಲೆ ಅಲ್ಲ, ಆದರೆ ಮಾತ್ರೆ ಇದೆ, ಬಹಳ ಮಟ್ಟಿಗೆ ಹತೋಟಿಗೆ ಬರುತ್ತೆ. ನಾಳೆ ಕರಕೊಂಡು ಬನ್ನಿ, ಸರಿಯಾಗಿ ನೋಡ್ತೀನಿ."

"ಈ ಹೆಸರಿನ ಕಾಯಿಲೆ ನಮ್ಮೂರಾಗೆ ಇಲ್ಲ ಕಣಮ್ಮ," ಎಂದೆ.

"ನಿಮ್ಮ ಹೆಂಡತಿಗೆ ದಣಿವಾಗಿದೆ, ಮೇಸ್ತ್ರಿ. ಕೂರೋಕೆ ಬಿಡಿ."

ಕರೆದುಕೊಂಡು ಹೋಗಬಹುದಾಗಿತ್ತು. ಹೋಗಲಿಲ್ಲ, ಕಾರಣ ಹತ್ತು ದಿನಕ್ಕೆ ನನ್ನ ಸನ್ಮಾನವಿತ್ತು. ಪುರಸಭೆಯವರು ನನಗೆ 'ಸ್ಥಿರಗೃಹ ಶಿಲ್ಪಿ' ಎಂದು ಬಿರುದು ಕೊಡುವವರಿದ್ದರು. ನಮ್ಮೂರಿನಲ್ಲಿ ಈ ಬಿರುದನ್ನು ಸಭಾಭವನದಲ್ಲಿ ಕೊಡುವುದಿಲ್ಲ, ಪಡೆಯುವವನ ಮನೆಯಲ್ಲೇ ಕೊಡಬೇಕು. ಮೇಜಿನ ಮೇಲೆ ಲೋಟಕ್ಕೆ ತುಳುಕುವಷ್ಟು ನೀರು ತುಂಬಿ ಇಡುತ್ತಾರೆ. ಅಧ್ಯಕ್ಷರ ಭಾಷಣ ಮುಗಿಯುವವರೆಗೆ ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ ಬಿರುದಿಲ್ಲ, ಹಾರವನ್ನು ವಾಪಸ್ಸು ಒಯ್ಯುತ್ತಾರೆ. ಗುರುಮೂರ್ತಪ್ಪನವರಿಗೆ ಮಾಡಲು ಬೇರೆ ಕೆಲಸವಿಲ್ಲದಂತೆ ನಾನೇ ಮಾಡಿದ್ದರಿಂದ ಅವರ ಭಾಷಣಗಳು ಎರಡು ಗಂಟೆಗಿಂತ ಕಡಿಮೆ ಇರುತ್ತಿರಲಿಲ್ಲ. ಅಂದರೆ ಹಾಲಮ್ಮ ಎರಡು ಗಂಟೆ ಕೂರುವಂತಿಲ್ಲ.

"ಅದೊಂದು ದಿನ ಸುಧಾರಿಸ್ಕ," ಎಂದು ಅವಳಿಗೆ ಹೇಳಿದೆ. "ಮಾರನೇ ದಿನ ಆ ಡಾಕ್ಟರಮ್ಮನ ಹತ್ರ ಹೋಗಾನ."

"ಹೂಂ," ಎಂದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

ಸನ್ಮಾನದ ದಿನ ಬೆಳಿಗ್ಗೆ ಐದಕ್ಕೇ ಅವಳನ್ನು ಎಬ್ಬಿಸಿದೆ. ಯಾವ ಹೊತ್ತಿಗೆ ಏನು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದೆ. ಮಂಡಕ್ಕಿಗೆ ಒಗ್ಗರಣೆ, ನೂರು ಜನರ ಲೋಟ ತೊಳೆಯುವುದು, ಬಾಳೆ ಎಲೆ ಒರೆಸುವುದು, ಒರೆಸಿದ್ದನ್ನು ಮತ್ತೊಮ್ಮೆ ಒರೆಸುವುದು. ಹತ್ತು ಗಂಟೆಗೆ ಪಡಸಾಲೆ ತುಂಬಿತು. ಮೊದಲ ಸಾಲಿನಲ್ಲಿ ಡಾಕ್ಟರ್ ಫರ್ಜಾನಾ ಕೂಡ ಇದ್ದರು, ಊರಿನ ವಿದ್ಯಾವಂತರನ್ನೆಲ್ಲ ಕರೆಯುವುದು ಪದ್ಧತಿ. ಗೋಡೆಯ ಮೇಲೆ ನನ್ನ ಬಿರುದಿನ ಹಲಗೆ, ಮೇಜಿನ ಮೇಲೆ ಲೋಟ, ಲೋಟದ ತುದಿಯಲ್ಲಿ ಉಬ್ಬಿ ನಿಂತ ನೀರು. ಅಧ್ಯಕ್ಷರು ಕೂತಲ್ಲೇ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು ಊರು ಹುಟ್ಟಿದ ಕಾಲದಿಂದ ಭಾಷಣ ಶುರು ಮಾಡಿದರು. ನನ್ನ ಕಿವಿ ಪೂರ್ತಿ ಒಳಗಡೆಯೇ ಇತ್ತು. ಲೋಟಗಳ ಸದ್ದು ಕೇಳುತ್ತಿರುವವರೆಗೆ ಅವಳು ನಿಂತಿದ್ದಾಳೆ, ನನ್ನ ಮಾನ ನಿಂತಿದೆ.

ಒಂದೂವರೆ ಗಂಟೆಯಾಯಿತು. ಅಧ್ಯಕ್ಷರು ನನ್ನ ಅಜ್ಜನ ಕಾಲಕ್ಕೆ ಬಂದಿದ್ದರು. ಅಲ್ಲಿಗೆ ನಿಲ್ಲಿಸಿ, "ಇಂಥ ಮನಿ ಕಾಯೋ ಗೃಹಿಣಿಗೂ ಒಂದು ಹಾರ ಹಾಕ್ಬೇಕು, ತಾಯಿನ ಹೊರಗೆ ಕರೀರಪ್ಪ," ಎಂದರು. ಹಾಲಮ್ಮ ಕಾಫಿ ತಟ್ಟೆ ಹಿಡಿದು ನಡುಮನೆಯ ಬಾಗಿಲಿಗೆ ಬಂದಳು. ಹೊಸಿಲಿನ ಹತ್ತಿರ ಬಂದು ನಿಂತಳು. ನಿಂತವಳು ನಿಂತೇ ಇದ್ದಳು. ಕಾಲುಗಳನ್ನು ನೆಲಕ್ಕೆ ಗಾರೆ ಹಾಕಿ ಕೂರಿಸಿದಂತಿತ್ತು. ಮೈ ಮುಂದಕ್ಕೆ ಬರುತ್ತಿತ್ತು, ಕಾಲು ಬರುತ್ತಿರಲಿಲ್ಲ. ಮನೆಯಲ್ಲಿ ಇದನ್ನು ನಾನು ಎರಡು ಮೂರು ಸಲ ಕಂಡಿದ್ದೆ, ಮೊಂಡು ಎಂದುಕೊಂಡಿದ್ದೆ.

"ನಾಚ್ಕೆಂಡಾಳೆ," ಎಂದರು ಯಾರೋ ಹಿಂದಿನಿಂದ. ಜನ ನಕ್ಕರು.

"ಬಾರೆ," ಎಂದು ಹಲ್ಲು ಕಚ್ಚಿ ಹೇಳಿದೆ.

ಅವಳು ನನ್ನನ್ನು ನೋಡಿದಳು. ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ, ಕಣ್ಣಿನಲ್ಲಿ ಮಾತ್ರ ನಾಲ್ಕು ವರ್ಷದ ಅವರೆಕಾಯಿ, ಅಕ್ಕಿಯ ಕಲ್ಲು, ಹುಣಿಸೆಬೀಜ ಎಲ್ಲ ಇತ್ತು. ನಾನು ಬೆರೆಸಿ ಕೊಟ್ಟ ಕಲ್ಲು ಅವಳಿಗೆ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಅವಳು ತಟ್ಟೆಯನ್ನು ನಿಧಾನವಾಗಿ ಪಕ್ಕದ ಸ್ಟೂಲಿನ ಮೇಲಿಟ್ಟಳು. ಬಾಗಿಲು ಹಿಡಿದುಕೊಂಡು ಬಗ್ಗಿ, ಹೊಸಿಲಿನ ಮೇಲೆ ಕೂತಳು. ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಹೆಬ್ಬೆರಳು ಬತ್ತಿ ಹೊಸೆಯತೊಡಗಿತು. ಮೊದಲು ಲೋಟದ ನೀರಿನಲ್ಲಿ ಒಂದು ಉಂಗುರ ಎದ್ದಿತು, ಆಮೇಲೆ ಒಂದು ಹನಿ ಇಳಿಯಿತು, ಆಮೇಲೆ ಲೆಕ್ಕವಿಲ್ಲ. ಅಟ್ಟದ ಮೇಲೆ ನಾನು ಕಟ್ಟಿದ್ದ ದಾರಗಳು ಒಂದೊಂದಾಗಿ ಹರಿದು ಮುಚ್ಚಳಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ನಾಲ್ಕು ಮೊಳೆಯ ಫೋಟೋಗಳು ಗೋಡೆಯ ಮೇಲೇ ಉಳಿದವು. ಅವಸರದಲ್ಲಿ ಒಂದೇ ಮೊಳೆಗೆ ನೇತುಹಾಕಿದ್ದ 'ಸ್ಥಿರಗೃಹ ಶಿಲ್ಪಿ' ಮಾತ್ರ ನನ್ನ ಭುಜಕ್ಕೆ ತಾಗಿ ಕೆಳಗೆ ಬಿತ್ತು.

"ನಾಕು ವರ್ಸ ಆತು ಕೂತು," ಎಂದಳು ಹಾಲಮ್ಮ. ಸಣ್ಣ ದನಿ, ಆದರೂ ಮುಚ್ಚಳಗಳ ಸದ್ದಿನ ನಡುವೆ ಎಲ್ಲರಿಗೂ ಕೇಳಿತು. "ಭಾಷಣ ಮುಗಿಯಾತಂಕ ನಿಂತಿರಾಕೆ ನನ್ನ ಕೈಲಾಗಲ್ಲ ಯಜಮಾನ್ರೇ. ಬಿರುದು ಕೊಡಿ, ಬಿಡಿ. ನಾನು ಏಳಲ್ಲ."

ಅಧ್ಯಕ್ಷರಿಗೆ ಅಭ್ಯಾಸ ತಪ್ಪಿ ಏನಾದರೂ ಮಾಡಬೇಕು ಎನ್ನಿಸಿತು. ಗಲಾಟೆ ಮುಚ್ಚಿಹಾಕಲು ಮೇಜಿನ ಮೇಲಿನ ಲೋಟವನ್ನೇ ಎತ್ತಿಕೊಂಡು, "ಏನೂ ಆಗಿಲ್ಲ, ಏನೂ ಆಗಿಲ್ಲ," ಎನ್ನುತ್ತ ಬಾಯಿಗೆ ಒಯ್ದರು. ಅಷ್ಟೇ. ಅವರ ಕೈ ಅಡ್ಡಡ್ಡ ಕುಣಿದು, ಉಳಿದಿದ್ದ ನೀರೆಲ್ಲ ನನಗೆಂದು ತಂದಿದ್ದ ಶಾಲಿನ ಮೇಲೆ ಚೆಲ್ಲಿತು. ಮೂರು ಬೀದಿಯಾಚೆ ಅವರ ಮನೆಯ ಹೆಂಚು ಜಾರುವ ಸದ್ದು ಕೇಳಿಸಿತು. ಹೆಂಚಿನ ಕಡೆ ಓಡಬೇಕೋ ಇಲ್ಲಿನ ಗೋಡೆ ಹಿಡಿಯಬೇಕೋ ತಿಳಿಯದೆ ಜನ ಮೊದಲ ಸಲ ಮನುಷ್ಯರ ಕಡೆ ನೋಡಿದರು. ಹೊಸಿಲಿನ ಮೇಲೆ ಕೂತವಳ ಮಡಿಲಲ್ಲಿ ಒಂದು ಕೈ, ಅಧ್ಯಕ್ಷರ ಲೋಟದ ಮೇಲೆ ಒಂದು ಕೈ. ಊರು ಹುಟ್ಟಿದ ಕಾಲದಿಂದ ಯಾರೂ ನೋಡಿರದಿದ್ದುದು.

ಡಾಕ್ಟರು ಎದ್ದು ಬಂದು ಅಧ್ಯಕ್ಷರ ಕೈಯಿಂದ ಲೋಟ ತೆಗೆದುಕೊಂಡರು. "ಕೈ ತೊಡೆ ಮೇಲಿಡಿ ಸರ್," ಎಂದರು. ಇಟ್ಟರು, ನಡುಕ ನಿಂತಿತು, ದೂರದ ಹೆಂಚಿನ ಸದ್ದೂ ನಿಂತಿತು. ಆ ಖಾಲಿ ಲೋಟವನ್ನು ಹಾಲಮ್ಮನ ಮುಂದೆ ಹಿಡಿದರು. "ಇದನ್ನ ಹಿಡ್ಕೊಳ್ಳಮ್ಮ." ಹಾಲಮ್ಮ ಕೈ ಚಾಚಿ ಹಿಡಿದಳು, ಬೆರಳು ನಿಂತಿತು, ಮುಚ್ಚಳಗಳು ನಿಂತವು. "ಇಬ್ಬರಿಗೂ ನಡುಕ, ಆದರೆ ಒಂದೇ ಕಾಯಿಲೆ ಅಲ್ಲ," ಎಂದರು ಡಾಕ್ಟರು. "ಅವರಿಗೆ ಕೆಲಸ ಮಾಡುವಾಗ, ಇವರಿಗೆ ಕೂತಾಗ. ನಿಮ್ಮ ತಂದೆಗೂ ಹೀಗೆ ಇತ್ತಾ ಸರ್?" ಅಧ್ಯಕ್ಷರು ತಲೆಯಾಡಿಸಿದರು. "ಇತ್ತು ಅಲ್ವಾ, ಇದು ವಂಶದಲ್ಲಿ ಬರುತ್ತೆ. ಸೋಮಾರಿಯಾಗಿ ಕೂತರೆ ಅದು ಹೋಗಲ್ಲ. ಈ ಅಮ್ಮ ದುಡಿದರೆ ಇದೂ ಹೋಗಲ್ಲ."

ಅಧ್ಯಕ್ಷರ ಮುಖ ಸಪ್ಪಗಾಯಿತು. ಕೈ ನಡುಗುತ್ತದೆ ಎಂದು ಗೊತ್ತಾದದ್ದಕ್ಕಲ್ಲ, ನಾಳೆಯಿಂದ ಸಹಿ ಹಾಕಬೇಕಾಗಬಹುದು ಎಂದು.

ಹಾರವನ್ನು ವಾಪಸ್ಸು ಒಯ್ದರು. ಮಂಡಕ್ಕಿಯನ್ನು ಮಾತ್ರ ತಿಂದೇ ಹೋದರು. ಎಲ್ಲ ಹೋದ ಮೇಲೆ ನಾನು ಹೊಸಿಲಿನ ಈಚೆ ಕೂತೆ. ನನಗೆ ಆದ ನಾಚಿಕೆಯನ್ನು ಇಲ್ಲಿ ಒಗಟು ಮಾಡಿ ಹೇಳುವುದಿಲ್ಲ. ಹೆಂಡತಿಯ ಮೈಯಲ್ಲಿದ್ದುದನ್ನು ಗೋಡೆಯಲ್ಲಿ ಹುಡುಕಿದೆ, ಗೋಡೆಯ ಮಾನಕ್ಕೆ ಅವಳ ಸೊಂಟ ಮುರಿದೆ. "ತಪ್ಪಾತು," ಎಂದೆ. ಮನೆ ಅದುರುತ್ತಲೇ ಇತ್ತು.

ಮಾರನೆಯ ದಿನ ಡಾಕ್ಟರು ಅವಳನ್ನು ಒಂದು ಗಂಟೆ ನೋಡಿದರು. ನಡೆಸಿದರು, ಬೆರಳು ಬಡಿಸಿದರು, ಮೊಣಕೈ ಮಡಿಸಿ ಬಿಡಿಸಿದರು. ಮೂಗಿಗೆ ವಾಸನೆ ತಿಳಿಯದಂತಾಗಿ ಎಷ್ಟು ವರ್ಷವಾಯಿತು ಎಂದೂ ಕೇಳಿದರು. ಸಾರು ತಳ ಹಿಡಿದ ದಿನ ನಾನು ಬೈದದ್ದು ಅದಕ್ಕೇ ಎಂದು ಹಾಲಮ್ಮ ಹೇಳಿದಳು, ನಾನು ಛಾವಣಿ ನೋಡಿದೆ. ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಮೂರು ಸಲ, ಗಡಿಯಾರ ನೋಡಿಕೊಂಡು, ಊಟಕ್ಕೆ ಅರ್ಧ ಗಂಟೆ ಮೊದಲು. ಬೇಳೆ, ಕಾಳು, ಹಾಲಿನ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊದಲ ವಾರ ವಾಕರಿಕೆ ಬರಬಹುದು, ಹೆದರಬೇಡಿ, ಯಾರ ಮಾತು ಕೇಳಿಯೂ ಒಮ್ಮೆಲೇ ನಿಲ್ಲಿಸಬೇಡಿ. ದಿನಾ ನಡೆಯಬೇಕು, ಗಟ್ಟಿಯಾಗಿ ಮಾತಾಡಬೇಕು. ಸುಸ್ತಾದರೆ ಕೂರಬೇಕು. ಕೊನೆಯ ಮಾತನ್ನು ನನ್ನ ಕಡೆ ತಿರುಗಿ ಹೇಳಿದರು.

"ಹೊಸಿಲ ಹತ್ರ ಕಾಲು ಹಿಡಿದು ಹೋಗ್ತೈತಲ್ಲ, ಅದಕ್ಕೇನು ಮಾಡಾದು?" ಎಂದು ಕೇಳಿದಳು ಹಾಲಮ್ಮ.

ಡಾಕ್ಟರು ನನ್ನನ್ನು ನೋಡಿದರು. "ಮೇಸ್ತ್ರಿ, ನೆಲದ ಮೇಲೆ ಅಡ್ಡಗೆರೆ ಹಾಕೋಕೆ ಬರುತ್ತಾ? ದಾಟೋಕೆ ಒಂದು ಗೆರೆ ಕಂಡರೆ ಎಷ್ಟೋ ಜನಕ್ಕೆ ಕಾಲು ಏಳುತ್ತೆ."

ಮೂವತ್ತು ವರ್ಷದಲ್ಲಿ ಕಾಯಿಲೆಯವರಿಗೆ ಉಪಯೋಗವಾಗುವ ಕೆಲಸವೊಂದನ್ನು ನನಗೆ ಯಾರೋ ಹೇಳಿದ್ದು ಅದೇ ಮೊದಲು. ಮನೆಗೆ ಬಂದು ಅವಳ ಹೆಜ್ಜೆ ಅಳೆದೆ. ಅಡಿಗೆಮನೆಯಿಂದ ಹೊಸಿಲಿಗೆ, ಹೊಸಿಲಿನಿಂದ ಬಚ್ಚಲಿಗೆ, ಒಂದೊಂದು ಹೆಜ್ಜೆಗೆ ಒಂದೊಂದು ಕೆಂಪು ಗೆರೆ, ನೆಲ ಕೊರೆದು ಬಣ್ಣದ ಸಿಮೆಂಟು ತುಂಬಿ ಕೂರಿಸಿದೆ. ಇಷ್ಟು ನೇರವಾದ ಗೆರೆಯನ್ನು ಯಾವ ದೊಡ್ಡವರ ಮನೆಗೂ ಹಾಕಿರಲಿಲ್ಲ. ಅವಳು ಹೊಸಿಲಿಗೆ ಬಂದು ನಿಂತಳು, ಕೆಳಗೆ ನೋಡಿದಳು, ಗೆರೆ ದಾಟಿದಳು, ಇನ್ನೊಂದು ದಾಟಿದಳು.

ಊರು ಎಲ್ಲಿ ಸುಮ್ಮನಿರುತ್ತದೆ. ಈಗ ಎಲ್ಲರ ಮನೆಗೂ ಕೆಂಪು ಗೆರೆ ಬೇಕಂತೆ, ಕಾಯಿಲೆ ಇಲ್ಲದವರಿಗೂ ಬೇಕಂತೆ. ಮೂರ್ಛೆ ಬಂದಾಗ ಗಂಡಸರು ಇನ್ನೂ ಬಾಗಿಲು ಹಿಡಿಯಲು ಓಡುತ್ತಾರೆ, ಆದರೆ ಅವರಲ್ಲಿ ಒಬ್ಬನನ್ನು ಸೊಸೆಯನ್ನು ಮಗ್ಗುಲಿಗೆ ತಿರುಗಿಸಿ ಗಡಿಯಾರ ನೋಡಲು ನೇಮಿಸಿದ್ದಾರೆ. ಕೆಲಸ ಸಣ್ಣದೆಂದು ಅದಕ್ಕೆ ಯಾರೂ ಒಪ್ಪದೆ ಸರದಿ ಮಾಡಿಕೊಂಡಿದ್ದಾರೆ. ರೇಷನ್ ಅಂಗಡಿಯ ಮನೆಯ ಗಾಜಿನ ತಾರನ್ನು ನಾನೇ ಹೋಗಿ ಕೆರೆದು ಬಂದೆ. ಅಧ್ಯಕ್ಷರು ಮಾತ್ರೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ನನ್ನ ಹಳೆಯ ಪಥ್ಯದಲ್ಲೇ ಬಲವಾದ ನಂಬಿಕೆ.

ಹಾಲಮ್ಮನ ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಮಾತ್ರೆ ಹತ್ತಿದ ಹೊತ್ತಿನಲ್ಲಿ ಮನೆ ನಿಂತಿರುತ್ತದೆ, ಅವಳ ಮುಖದಲ್ಲಿ ಒಂದು ನಗುವೂ ಬಂದು ಹೋಗುತ್ತದೆ. ಮಾತ್ರೆಯ ಬಲ ಇಳಿಯುತ್ತ ಬಂದಾಗ ಮುಚ್ಚಳ ಮಾತಾಡತೊಡಗುತ್ತದೆ. ಮುಚ್ಚಳಗಳಿಗೆ ಮತ್ತೆ ದಾರ ಕಟ್ಟಲು ಅವಳು ಬಿಟ್ಟಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಕೈ ಮಡಿಲಲ್ಲಿತ್ತು. ಅಟ್ಟದ ಮೇಲೆ ಟಿಣಿಟಿಣಿ ಶುರುವಾಯಿತು. ನಾನು ಯೋಚಿಸಲಿಲ್ಲ, ನಾಲ್ಕು ವರ್ಷದ ಅಭ್ಯಾಸ, ಎದ್ದು ಹೋಗಿ ಮೊರದ ತುಂಬ ಅವರೆಕಾಯಿ ತಂದು ಅವಳ ಮುಂದಿಟ್ಟೆ. ಇಟ್ಟ ಮೇಲೆ ಏನು ಮಾಡಿದೆನೆಂದು ಗೊತ್ತಾಗಿ ಅಲ್ಲೇ ನಿಂತೆ.

ಅವಳು ಮೊರವನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಕೈಯಿಂದ ಮೊರವನ್ನು ನನ್ನ ಕಡೆ ತಳ್ಳಿದಳು. "ಗುಳಿಗೆಗೆ ಇನ್ನೂ ಇಪ್ಪತ್ತು ನಿಮಿಷ ಐತೆ," ಎಂದಳು. "ಅಲ್ಲೀತಂಕ ಅದುರ್ಲಿ ಬಿಡ್ರಿ. ನಾನು ಕೂತಿದೀನಿ."

ನಾನು ಅವಳ ಪಕ್ಕದಲ್ಲಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಸುಲಿಯತೊಡಗಿದೆ. ಮನೆ ಅದುರುತ್ತಿತ್ತು. ಹಾಲಮ್ಮ ಕೂತಿದ್ದಳು.